ತಲೆಂಡದಿಂದ ಬರ್ರಿ

ಕಳೆದ ವಾರ ಶಹಾಪುರದಲ್ಲಿ ಒಂದು ಮದುವೆಗೆ ಹೋಗಿದ್ದೆ. ನಾನು ಗಂಡಿನ ಕಡೆಯವಳೂ ಅಲ್ಲ, ಹೆಣ್ಣಿನ ಕಡೆಯವಳೂ ಅಲ್ಲ. ಅವರ ಲಗ್ನಪತ್ರಿಕೆಯ ತಪ್ಪು ತಿದ್ದಿದವಳು, ಅಷ್ಟೇ ಸಂಬಂಧ. ನನ್ನ ಮೈದುನನಿಗೆ ಊರಲ್ಲಿ ಒಂದು ಸಣ್ಣ ಪ್ರೆಸ್ಸಿದೆ. ಅಲ್ಲಿ ಅಚ್ಚಾಗುವ ಪತ್ರಿಕೆಗಳ ಕರಡನ್ನೆಲ್ಲ ನೋಡುವವಳು ನಾನೇ. 'ಆಶಿರ್ವಾದ' ಬೇಡಿಕೊಂಡು ಬಂದವರಿಗೆ 'ಆಶೀರ್ವಾದ' ಕೊಡಿಸಿ ಕಳಿಸುವುದು ನನ್ನ ಕಸುಬು. ತಪ್ಪು ಕಂಡರೆ ನನ್ನ ಕೈ ಕಡಿಯುತ್ತದೆ. ಅಂಗಡಿಯ ಬೋರ್ಡು, ಬಸ್ಸಿನ ಬೆನ್ನು, ಬಿಸ್ಕತ್ತಿನ ಪೊಟ್ಟಣ, ಯಾವುದನ್ನೂ ಬಿಡುವವಳಲ್ಲ. ಅತ್ತಿಗೆಯಾದ ನನ್ನನ್ನು ವೈನಿ ಎಂದು ಕರೆಯುವ ಮೈದುನ ಇದಕ್ಕೆ 'ವೈನಿ ರೋಗ' ಎಂದು ಹೆಸರಿಟ್ಟಿದ್ದಾನೆ. ಅದರಲ್ಲಿ ಕಾಗುಣಿತದ ತಪ್ಪಿಲ್ಲ, ಹಾಗಾಗಿ ಸುಮ್ಮನಿದ್ದೇನೆ.

ತಡವಾಗಿ ಹೋದದ್ದಕ್ಕೆ ಊಟಕ್ಕೆ ಸಿಕ್ಕಿದ್ದು ಸಾಲಿನ ಕಟ್ಟಕಡೆಯ ಎಲೆ. ಮದುವೆ ಊಟದಲ್ಲಿ ಕಡೆಯ ಎಲೆಯ ಮುಂದೆ ಕೂತು ನೋಡಿದ್ದೀರಾ? ಹುಗ್ಗಿಯ ಬಕೆಟ್ಟು ಆ ತುದಿಯಿಂದ ಹೊರಡುವುದು ಕಾಣುತ್ತದೆ. ಹತ್ತಿರ ಬರುತ್ತದೆ. ಇನ್ನೇನು ಬಂತು ಅನ್ನುವಾಗ ಸೌಟು ತಳ ಕೆರೆಯುವ ಸದ್ದು ಕೇಳುತ್ತದೆ. ಅಂದೂ ಹಾಗೆಯೇ ಆಯಿತು. ನನಗಿಂತ ನಾಲ್ಕಾರು ಎಲೆ ಆಚೆ ಹುಗ್ಗಿ ಮುಗಿಯಿತು. ಬಡಿಸುವವನು ನಮ್ಮ ಕಡೆ ನೋಡದೆ ತಿರುಗಿದ.

ನನ್ನ ಪಕ್ಕದಲ್ಲಿ ಒಬ್ಬ ತರುಣ ಕೂತಿದ್ದ. ಎಡಗೈಯಲ್ಲಿ ಮೊಬೈಲು, ಬಲಗೈಯಲ್ಲಿ ರೊಟ್ಟಿ, ಎರಡು ಕಿವಿಯಲ್ಲೂ ಬಿಳಿ ಗುಂಡಿ. ಅವನು ಮೊಬೈಲಿನಿಂದ ಕಣ್ಣೆತ್ತದೆಯೇ ಹೇಳಿದ:

"ಹುಗ್ಗಿ ಅಣ್ಣ, ಈ ಸಲ ತಲೆಂಡದಿಂದ ಬರ್ರಿ."

"ಆತಪಾ, ತಲೆಂಡದಿಂದನ ಬರ್ತೀನಿ" ಎಂದು ಅವನು ಅಡುಗೆಮನೆಯ ಕಡೆ ಹೋದ.

ನನ್ನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಈ 'ತಲೆಂಡ'ವನ್ನು ಯಾವ ನಿಘಂಟಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಹೇಗೆ ಸಿಕ್ಕೀತು? ಅದು ಹುಟ್ಟಿದ್ದು ನಮ್ಮ ಮನೆಯಲ್ಲಿ. ಹೆತ್ತವಳು ನನ್ನ ಅತ್ತೆ, ಹಣಮವ್ವ. ಒಂದು ಸಲ ಅದನ್ನು ಸಾಯಿಸಲು ಹೊರಟವಳು ನಾನು. ಅದು ಬದುಕಿ, ಬೆಳೆದು, ನಮ್ಮೂರು ದಾಟಿ, ಶಹಾಪುರದ ಕಲ್ಯಾಣಮಂಟಪಕ್ಕೆ ಬಂದು, ಗುರುತಿಲ್ಲದ ಹುಡುಗನ ಬಾಯಲ್ಲಿ ಕೂತು ನನಗೇ ಹುಗ್ಗಿ ತರಿಸುತ್ತಿದೆ. ಹುಗ್ಗಿ ಬರುವುದಕ್ಕೆ ಇನ್ನೂ ಹೊತ್ತಿದೆ. ಅಷ್ಟರಲ್ಲಿ ಆ ಕತೆಯನ್ನು ನಿಮಗೆ ಹೇಳಿಬಿಡುತ್ತೇನೆ.

ನಮ್ಮ ಕಡೆಗೆ ಕೃಷ್ಣೆಯ ನೀರು ಬರುವುದಕ್ಕೆ ಮುಂಚೆ ನೀರಿನ ಮಾತುಗಳು ಬಂದವು. ಜೀಪಿನಿಂದ ಸರ್ವೇದವರು ಇಳಿದರು, ಅವರ ಬಾಯಿಂದ ಮಾತುಗಳು ಇಳಿದವು. ಜೀಪು ಹೊರಟುಹೋಯಿತು, ಮಾತುಗಳು ಇಲ್ಲೇ ಉಳಿದವು. ನಾನು ಹುಟ್ಟಿ ಬೆಳೆದದ್ದು ನಾರಾಯಣಪುರದ ಕ್ವಾಟ್ರಸ್ಸಿನಲ್ಲಿ. ಅಪ್ಪ ಕೆನಾಲದ ಬಾಯಲ್ಲಿ ಗೇಟ್ ಎತ್ತುವ, ಇಳಿಸುವ ಕೆಲಸದಲ್ಲಿದ್ದ. ಶಾಲೆಯ ಪುಸ್ತಕದಲ್ಲಿ 'ಕಾಲುವೆ' ಎಂದಿತ್ತು, ಮನೆಯಲ್ಲಿ 'ಕೆನಾಲ' ಎಂದಿತ್ತು. ಅವೆರಡೂ ಒಂದೇ ಎಂದು ನನಗೆ ಬಹಳ ದಿನ ತಿಳಿದಿರಲಿಲ್ಲ. ಕಾಲುವೆ ಎಂದರೆ ಹಳೆಯ ರಾಜರು ಕಟ್ಟಿಸುವುದು, ಕೆನಾಲ ಎಂದರೆ ನಮ್ಮಪ್ಪ ಬುತ್ತಿ ಕಟ್ಟಿಕೊಂಡು ಹೋಗುವುದು ಎಂದುಕೊಂಡಿದ್ದೆ. ಪರೀಕ್ಷೆಯಲ್ಲಿ ಕಾಲುವೆಯ ಉಪಯೋಗಗಳನ್ನು ಬರೆ ಎಂದರೆ ರಾಜನ ಕೀರ್ತಿ ಹೆಚ್ಚುತ್ತದೆ ಎಂದು ಬರೆದು ಬಂದಿದ್ದೆ.

ಮನೆಯೊಳಗೂ ಕೆನಾಲವೇ ಹರಿಯುತ್ತಿತ್ತು. ನೀರು ಎಷ್ಟು ಎತ್ತರ ನಿಂತಿದೆ ಎಂದು ತೋರಿಸುವ ಪಟ್ಟಿಗೆ ಕಚೇರಿಯಲ್ಲಿ ಗೇಜು ಎನ್ನುತ್ತಿದ್ದರು. ಅವ್ವ ಹಾಲು ಕಾಯಿಸಲು ಇಟ್ಟು, "ಗೇಜಿನ ಮ್ಯಾಲ ಕಣ್ಣಿಡು" ಎಂದು ನನ್ನನ್ನು ಒಲೆಯ ಮುಂದೆ ಕೂರಿಸುತ್ತಿದ್ದಳು. ಬೇಸಿಗೆಯಲ್ಲಿ ದುರಸ್ತಿಗೆಂದು ಕೆನಾಲ ಬಂದ್ ಮಾಡುವುದಕ್ಕೆ ಕ್ಲೋಜರ್ ಎಂಬ ಹೆಸರಿತ್ತು. ಅಪ್ಪ ಸಿಟ್ಟಾದರೆ ಮಾತು ಬಿಡುತ್ತಿದ್ದ. ಆಗ ಅವ್ವ ಬಾಗಿಲಲ್ಲೇ ನಮ್ಮನ್ನು ತಡೆದು, "ಸುಮ್ನ ಒಳಗ ಹೋಗ್ರಿ, ಇವತ್ತ ಕ್ಲೋಜರ್ ಅದ" ಎನ್ನುತ್ತಿದ್ದಳು. ನಮಗೆ ಅದು ಇಂಗ್ಲಿಷ್ ಎಂದು ಗೊತ್ತಿರಲಿಲ್ಲ. ಅಪ್ಪನ ಸಿಟ್ಟಿನ ಹೆಸರೇ ಅದು ಎಂದುಕೊಂಡಿದ್ದೆವು.

ಇನ್ನು ನನ್ನ ಗಂಡನ ಊರು. ಅದು ಶಹಾಪುರದಿಂದಾಚೆ, ಕೆನಾಲದ ಒಂದು ಮರಿಗಾಲುವೆ ಮುಗಿಯುವ ಜಾಗದಲ್ಲಿದೆ. ಅಲ್ಲಿಗೆ ಸರ್ವೇದವರು ಬಂದದ್ದು ನನ್ನ ಮದುವೆಗೆ ಎಷ್ಟೋ ಮುಂಚೆ. ಬಿಸಿಲಲ್ಲಿ ಬಳಲಿ ಬಂದು ಅತ್ತೆಯ ಅಂಗಳದಲ್ಲಿ ಕೂತರಂತೆ. ಅತ್ತೆ ಮಜ್ಜಿಗೆ ಕೊಟ್ಟು ಕೇಳಿದಳಂತೆ:

"ನಮ್ಮ ಹೊಲದಾಗ ಕಲ್ಲು ಯಾಕ ನೆಟ್ಟೀರಿ?"

"ಕೆನಾಲ್ ಬರ್ತದಮ್ಮ. ನಿಮ್ಮೂರು ಟೇಲ್ ಎಂಡ್" ಎಂದರಂತೆ ಅವರು.

ಟೇಲ್ ಎಂದರೆ ಬಾಲ, ಎಂಡ್ ಎಂದರೆ ತುದಿ. ನೀರು ಕಟ್ಟಕಡೆಗೆ ಮುಟ್ಟುವ ಊರು, ಅಥವಾ ಮುಟ್ಟದೇ ಉಳಿಯುವ ಊರು. ಆದರೆ ಅತ್ತೆಯ ಕಿವಿಗೆ ಅದು 'ತಲೆಂಡ' ಎಂದು ಬಿತ್ತು. ತಲಿ ಎಂದರೆ ತಲಿ, ಇದರಲ್ಲಿ ಕೇಳುವುದೇನಿದೆ? ಮುಂದಿನ 'ಎಂಡ' ಏನೋ ಸರಕಾರದ್ದಿರಬೇಕು ಎಂದು ಬಿಟ್ಟಳು. ಮೈಗೆ ತಲೆ ಮೊದಲು, ಮನೆಗೆ ತಲೆಬಾಗಿಲು ಮೊದಲು, ಹಾಗೆಯೇ ಕೆನಾಲಕ್ಕೆ ನಮ್ಮೂರು ಮೊದಲು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಹಣಮಪ್ಪನ ಗುಡಿಯಲ್ಲಿ ಕಾಯಿ ಒಡೆದು ಸಕ್ಕರೆ ಹಂಚಿದರು. ಸರ್ವೇದವರ ಕೈಗೂ ಒಂದೊಂದು ಚಿಟಿಕೆ ಬಂತು. ಅವರು ಯಾಕೆ, ಏನು ಎಂದು ತಿಳಿಯದೆ ತಿಂದರು. ಬಾಲದ ತುದಿಯಾಗಿದ್ದಕ್ಕೆ ಸಕ್ಕರೆ ಹಂಚಿದ ಊರು ಭೂಮಿಯ ಮೇಲೆ ನಮ್ಮದೊಂದೇ ಇರಬೇಕು.

ಕೆನಾಲ ಬಂತು. ನೀರು ಬರಲಿಲ್ಲ. "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು" ಎಂದು ಅತ್ತೆ ಕಾದಳು. ಸಿಮೆಂಟಿನ ಕಾಲುವೆಯಲ್ಲಿ ಊರವರು ಮೆಣಸಿನಕಾಯಿ ಒಣಗಿಸಿದರು, ಆಡುಗಳು ನೆರಳಿಗೆ ಮಲಗಿದವು. ಬಸ್ಸಿನ ಕಂಡಕ್ಟರು ಊರಿನ ಹಳೆಯ ಹೆಸರು ಮರೆತು "ತಲೆಂಡ ಇಳಿಯೋರು ಮುಂದ ಬರ್ರಿ" ಎಂದು ಕೂಗುವಂತಾಯಿತು. ತಲೆಯೇನೋ ಇತ್ತು, ನೆತ್ತಿಗೆ ಹನಿ ನೀರಿರಲಿಲ್ಲ.

ನೀರು ಎಲ್ಲಿ ಹೋಗುತ್ತಿತ್ತು ಎನ್ನುವುದು ಗುಟ್ಟೇನಲ್ಲ. ನಮಗಿಂತ ಮೇಲೆ, ಅದೇ ಕಾಲುವೆಯ ಮೇಲೆ, ಅತ್ತೆಯ ತವರೂರು. ಅಲ್ಲಿ ಅವಳ ಅಣ್ಣ ಸಿದ್ದಣ್ಣ, ಊರಿನ ಹಿರಿಯ. ಆ ಊರವರೆಲ್ಲ ಶೇಂಗಾ, ಜೋಳ ಬಿಟ್ಟು ಭತ್ತ ಹಚ್ಚಿದ್ದರು. ಕಾಲುವೆಯ ಏರಿಗೆ ಅಲ್ಲಲ್ಲಿ ಪೈಪು ಚುಚ್ಚಿ ಹಗಲೂ ರಾತ್ರಿ ಗದ್ದೆಗೆ ನೀರು ಬಿಟ್ಟುಕೊಳ್ಳುತ್ತಿದ್ದರು. ಅತ್ತೆ ತವರಿಗೆ ಹೋದಾಗಲೆಲ್ಲ ಸಿದ್ದಣ್ಣ ಮಾವ ಪ್ರೀತಿಯಿಂದ ಹೊಸ ಅಕ್ಕಿ ಕಟ್ಟಿಕೊಡುತ್ತಿದ್ದ. ನಮ್ಮ ನೀರು ಹೀಗೆ ಅಕ್ಕಿಯಾಗಿ ಗಂಟಿನಲ್ಲಿ ಮನೆಗೆ ಬರುತ್ತಿತ್ತು. ತಂಗಿಯ ಮೇಲೆ ಅವನಿಗೆ ಪ್ರೀತಿ ಇರಲಿಲ್ಲ ಎನ್ನಲಾರೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎನ್ನುತ್ತಾರಲ್ಲ, ನೀರಿಗೂ ಹೊರಗೆ ಎಂದುಕೊಂಡಿದ್ದ, ಅಷ್ಟೇ.

ಇಂಥದರಲ್ಲಿ ಯಾರೋ ಅತ್ತೆಗೆ ಹೇಳಿದರು: ನಾರಾಯಣಪುರದಲ್ಲಿ ಗೇಟ್ ಎತ್ತುವವನೊಬ್ಬ ಇದ್ದಾನೆ, ಅವನಿಗೆ ಲಗ್ನಕ್ಕೆ ಬಂದ ಮಗಳಿದ್ದಾಳೆ. ಅತ್ತೆ ಮಗನನ್ನೂ ಕರೆದುಕೊಳ್ಳದೆ ಒಬ್ಬಳೇ ಬಸ್ಸು ಹತ್ತಿ ಬಂದಳು. ನಾನು ರೇಷ್ಮೆ ಸೀರೆ ಉಟ್ಟು ಅವಲಕ್ಕಿಯ ತಾಟು ಹಿಡಿದು ನಿಂತಿದ್ದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಗೇಟು ನೀವ ತಗೀತೀರಂತ. ಖರೇನ್ರಿ?" ಎಂದು ಅಪ್ಪನನ್ನು ಕೇಳಿದಳು.

"ಹೌದ್ರಿ, ನಾನ ತಗೀತೀನಿ" ಎಂದ ಅಪ್ಪ.

"ಸಾಕು. ಹುಡುಗಿ ಪಸಂದ ಅದಾಳ."

ಗೇಟು ಎಷ್ಟು ತೆಗೆಯಬೇಕು, ಯಾವಾಗ ತೆಗೆಯಬೇಕು ಎಂದು ಹೇಳುವವರು ಬೇರೆ, ಅಪ್ಪ ಬರೀ ಚಕ್ರ ತಿರುಗಿಸುವವನು. ಅದನ್ನು ಅವನು ಹೇಳಲಿಲ್ಲ. ಆಮೇಲೆ ನಾನು ಕೇಳಿದ್ದಕ್ಕೆ, "ಆಕಿ ಕೇಳಿದ್ದಕ್ಕ ಹೇಳೀನಿ. ಕೇಳಲಾರದ್ದಕ್ಕ ಯಾಕ ಹೇಳ್ಲಿ?" ಎಂದ. ಹೆಣ್ಣು ಹೆತ್ತವರ ಜಾಣತನ ಅದು.

ಮದುವೆಯಾಗಿ, ದಾರಿಯಲ್ಲಿ ಕೊಡೇಕಲ್ಲಿನ ಗುಡಿಯಲ್ಲಿ ಕಾಯಿ ಒಡೆಸಿಕೊಂಡು ಲಾರಿಯಲ್ಲಿ ಊರಿಗೆ ಬಂದಿಳಿದಾಗ ನನಗೆ ಸಿಕ್ಕ ಮರ್ಯಾದೆಯನ್ನು ಮಂತ್ರಿಗೂ ಯಾರೂ ಕೊಟ್ಟಿರಲಾರರು. ಹೆಂಗಸರು ಕೊಡ ಹೊತ್ತು ಎದುರು ಬಂದರು. "ನೀರಿನ ಸೊಸಿ ಬಂದ್ಲು, ನೀರಿನ ಸೊಸಿ" ಎಂದು ಮುದುಕಿಯರು ನನ್ನ ಗಲ್ಲ ಹಿಡಿದು ಮುದ್ದಿಸಿದರು. ನಾನು ನಾಚಿ ತಲೆ ತಗ್ಗಿಸಿದ್ದೆ. ಬಂದಿರುವುದು ಯಾವ ಕೆಲಸಕ್ಕೆ ಎಂದು ನನಗೆ ಆಗ ತಿಳಿದಿರಲಿಲ್ಲ.

ಮೊದಲ ಬೆಳೆಗೆ ನೀರು ಬರಲಿಲ್ಲ. ಅದೇ 'ನೀರಿನ ಸೊಸಿ' ಈಗ ಬೇರೆ ರಾಗದಲ್ಲಿ ಕೇಳಿಸತೊಡಗಿತು. ಪಕ್ಕದ ಮನೆಯ ಬಳೆಗಾರ್ತಿ ಖಾಜಾಬಿ ನನಗೆ ಬಳೆ ತೊಡಿಸುತ್ತ, "ಕ್ಯಾ ಮಾ, ತುಮಾರೆ ಬಾವಾ ಚಾವಿ ಭೂಲ್ ಗಏ ಕ್ಯಾ?" ಎಂದಳು. ನಿಮ್ಮಪ್ಪ ಗೇಟಿನ ಕೀಲಿಕೈ ಎಲ್ಲೋ ಮರೆತನೇನು ಎಂದು. ಅವಳದು ಚೇಷ್ಟೆ, ಬಾವಿಕಟ್ಟೆಯ ಮೇಲಿನವರದು ಚೇಷ್ಟೆಯಲ್ಲ. ಕೊಡ ಇಳಿಸುವಾಗಲೊಮ್ಮೆ, ಎತ್ತುವಾಗಲೊಮ್ಮೆ ಆ ಹೆಸರು ಚುಚ್ಚುತ್ತಿತ್ತು. ಬೇರೆ ಸೊಸೆಯರನ್ನು ವರದಕ್ಷಿಣೆಗೆ ಹಂಗಿಸುತ್ತಾರೆ, ನನ್ನನ್ನು ಕೃಷ್ಣಾ ನದಿ ತರಲಿಲ್ಲ ಎಂದು ಹಂಗಿಸಿದರು.

ಆದರೂ ಅತ್ತೆ ನನ್ನನ್ನು ಒಂದು ಮಾತು ಅನ್ನಲಿಲ್ಲ. ತಪ್ಪು ಮಾಡಿದ್ದು ನನ್ನ ರೋಗ. ಒಂದು ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಶ್ಯಾವಿಗೆ ಹೊಸೆಯುತ್ತಿದ್ದರು. ಅತ್ತೆ ಎಂದಿನಂತೆ, "ನಮ್ಮದು ತಲೆಂಡ ಊರವ್ವ. ಇವತ್ತಿಲ್ಲ ನಾಳಿ, ನೀರು ಮೊದಲು ನಮಗ" ಎಂದಳು. ನನ್ನ ಕೈ ಕಡಿಯಿತು.

"ಅತ್ತಿ, ಅದು ತಲೆಂಡ ಅಲ್ರಿ. ಟೇಲೆಂಡ. ಟೇಲ್ ಅಂದ್ರ ಬಾಲ."

ಮಣೆಯ ಮೇಲಿನ ಕೈಗಳೆಲ್ಲ ನಿಂತವು. ಅತ್ತೆ ನನ್ನನ್ನು ನೋಡಿದಳು, ಕಾಲುವೆಯ ದಿಕ್ಕಿಗೆ ನೋಡಿದಳು, ಎದ್ದು ಒಳಗೆ ಹೋದಳು. ಅಲ್ಲಿಂದ ನಮ್ಮ ಮನೆಯಲ್ಲಿ ಕ್ಲೋಜರ್ ಶುರುವಾಯಿತು. ನನಗೆ ಹೇಳಬೇಕಾದದ್ದನ್ನು ಅವಳು ಎಮ್ಮೆಗೆ ಹೇಳುತ್ತಿದ್ದಳು. "ಏನ ಎಮ್ಮಿ, ಕೊಡದಾಗ ನೀರಿಲ್ಲಂತ ಯಾರಿಗರ ಕಣ್ಣಿಗೆ ಕಾಣಸ್ತದೇನು?" ಎಂದರೆ ನಾನು ಕೊಡ ಎತ್ತಿಕೊಂಡು ಹೊರಡಬೇಕು. ಎಮ್ಮೆ ಸುಮ್ಮನೆ ಮೆಲುಕು ಹಾಕುತ್ತಿತ್ತು.

ಆ ವರ್ಷ ನಾವು ಇಡೀ ಹೊಲಕ್ಕೆ ಶೇಂಗಾ ಬಿತ್ತಿದ್ದೆವು. ಮಳೆಯ ಹಸಿಯಲ್ಲಿ ಹುಟ್ಟಿತ್ತು, ಹೂ ಬಿಡುವ ಹೊತ್ತಿಗೆ ಕಾಲುವೆಯ ನೀರು ಬೇಕೇ ಬೇಕು. ಬಾರದಿದ್ದರೆ ಹೊಲ ಪಾಲಿಗೆ ಕೊಟ್ಟು ಬೇರೆ ಕಡೆ ಕೂಲಿ ನೋಡುವುದು ಎಂದು ಗಂಡ ಆಗಲೇ ಅನ್ನುತ್ತಿದ್ದ. ಅತ್ತೆಗೆ ಅದು ಸಾವಿನಂಥ ಮಾತು. ನಾನು ತಡೆಯಲಾರದೆ ನಾರಾಯಣಪುರಕ್ಕೆ ಹೋಗಿ ಅಪ್ಪನ ಮುಂದೆ ಕಣ್ಣೀರು ಹಾಕಿದೆ. ಅಪ್ಪ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಹೇಳಿದ:

"ನಿಮ್ಮೂರ ನೀರು ನನ್ನ ಗೇಟಿನಿಂದ ದಿನಾ ಹೋಗಾಕತ್ತದವ್ವ. ದಾರ್ಯಾಗ ಯಾರ ಮನ್ಯಾಗ ಉಣ್ಣಾಕ ಕುಂತದ, ಅದನ್ನ ನೋಡಂತ ನಿಮ್ಮತ್ತಿಗಿ ಹೇಳು."

ಬಂದು ಹೇಳಿದೆ. ಅತ್ತೆ ಎಮ್ಮೆಯನ್ನು ಬಿಟ್ಟು ನನ್ನನ್ನೇ ನೋಡಿ ನಕ್ಕಳು. ಎಷ್ಟು ದಿನಕ್ಕೋ ಏನೋ.

"ಹೌದಲ್ಲ. ಹಂಗಾರ ಅವರನ್ನ ನಮ್ಮನ್ಯಾಗ ಉಣ್ಣಾಕ ಕರಿಯೂಣು" ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ಬಾಲ ಅಂದ್ಯಲ್ಲ ನೀ. ಪಂಕ್ತ್ಯಾಗ ತಲಿ ಯಾವ್ದು, ಬಾಲ ಯಾವ್ದು?"

"ಹೆಂಗ ಹೇಳೂದ್ರಿ ಅತ್ತಿ?"

"ಬಡಸೋರು ಯಾವ ಕಡಿಂದ ಬರ್ತಾರ, ಅದ ತಲಿ. ಅಷ್ಟ ಅದು."

ಎಳ್ಳಮವಾಸ್ಯೆ ಬಂತು. ನಮ್ಮ ಕಡೆ ಅಂದು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯ ಅಡುಗೆಯನ್ನು ಚರಗವೆಂದು ಹೊಲದ ತುಂಬ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಅತ್ತೆ ತವರೂರಿನ ಹಿರಿಯರಿಗೆಲ್ಲ ಹೇಳಿ ಕಳಿಸಿದಳು. ತಂಗಿ ಕರೆದಾಗ ಅಣ್ಣ ಬರದಿರುತ್ತಾನೆಯೇ? ಸಿದ್ದಣ್ಣ ಮಾವ ತಲೆಗೆ ಬಿಳಿ ಪಟಕ ಸುತ್ತಿ, ಊರ ಹಿರಿಯರನ್ನೆಲ್ಲ ಗಾಡಿಗಳಲ್ಲಿ ಕೂರಿಸಿಕೊಂಡು ಬಂದ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹಸಿ ಕಾಳು ತರಕಾರಿ ಎಲ್ಲ ಕೂಡಿಸಿ ಮಾಡಿದ ಭಜ್ಜಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಹಂಡೆಯ ತುಂಬ ಗೋಧಿ ಹುಗ್ಗಿ. ಬರೆಯುವಾಗಲೂ ಬಾಯಲ್ಲಿ ನೀರು ಬರುತ್ತದೆ. ಆ ನೀರಿಗೆ ಮಾತ್ರ ನಮ್ಮೂರಲ್ಲಿ ಎಂದೂ ಬರವಿರಲಿಲ್ಲ.

ಒಣಗಿದ ಕಾಲುವೆಯ ಏರಿಯ ಉದ್ದಕ್ಕೂ ಮುತ್ತುಗದ ಎಲೆ ಹಾಸಿದೆವು. ಮೇಲಿನಿಂದ ಕೆಳಗೆ ನೀರು ಹೇಗೆ ಬರಬೇಕೋ ಹಾಗೆ ಸಾಲು. ಮೇಲಿನ ತುದಿಗೆ ನಮ್ಮೂರವರು ಕೂತರು. ಕೆಳಗಿನ ತುದಿಗೆ ಒಂದೇ ಒಂದು ಬೇವಿನ ಮರ, ಅದರ ನೆರಳು.

"ಅಣ್ಣಾ, ನೀನು ನಿಮ್ಮೂರವರು ನೆರಳಿಗೆ ಕೂಡ್ರಿ. ಬಿಸಲಾಗ ಯಾಕ ಕೂಡ್ತೀರಿ?" ಎಂದಳು ಅತ್ತೆ. ಅವರು ಸಂತೋಷದಿಂದ ಹೋಗಿ ಕೂತರು. ಎಲ್ಲರ ಎಲೆಗೂ ಮೊದಲೇ ಉಪ್ಪು ಇಟ್ಟಿತ್ತು.

ಬಡಿಸುವವರು ನಾನು ಮತ್ತು ಖಾಜಾಬಿ. ಅತ್ತೆ ನಮಗೆ ಬೆಳಿಗ್ಗೆಯೇ ಹೇಳಿಕೊಟ್ಟಿದ್ದಳು. ಮೇಲಿನ ತುದಿಯಿಂದ ಹೊರಟೆವು. ಎಲೆಗೆ ಎರಡು ರೊಟ್ಟಿ ಹಾಕುವಲ್ಲಿ ನಾಲ್ಕು, ಒಂದು ಸೌಟು ಹುಗ್ಗಿ ಹಾಕುವಲ್ಲಿ ಮೂರು. ನಮ್ಮೂರವರು ಬೇಡ ಬೇಡ ಎಂದರೂ ಸುರಿದೆವು. ಸಾಲಿನ ನಡುವಿಗೆ ಬಂದಾಗ ಬುಟ್ಟಿ ಖಾಲಿ, ಬಕೆಟ್ಟು ಖಾಲಿ. ನಾನು ಸೌಟಿನಿಂದ ತಳ ಕೆರೆದೆ. ಬಯಲಿನಲ್ಲಿ ಆ ಸದ್ದು ಬಲು ದೊಡ್ಡದಾಗಿ ಕೇಳಿತು. ಮುಂದಿನ ಎಲೆಗಳ ಮೇಲೆ ಉಪ್ಪು ಬಿಟ್ಟು ಏನೂ ಇಲ್ಲ.

ಸಿದ್ದಣ್ಣ ಮಾವ ತನ್ನ ಎಲೆ ನೋಡಿದ, ಸಾಲು ನೋಡಿದ. "ಏನವ್ವ ಹಣಮವ್ವ, ಇದೇನ ಇದು?" ಎಂದ.

"ಏನ್ ಮಾಡ್ಲಿ ಅಣ್ಣಾ, ಮ್ಯಾಗ ಕುಂತವರು ಎಲ್ಲಾ ಉಂಡುಬಿಟ್ರು. ನೀ ಕುಂತದ್ದು ತಲೆಂಡ ಅಂತ ನಾ ತಿಳದಿದ್ದೆ. ಟೇಲೆಂಡ ಆತಲ್ಲೊ."

ಆ ಮಾತು ಮುಟ್ಟಬೇಕಾದಲ್ಲಿಗೆ ಮುಟ್ಟಿತು. ಮಾವನ ಮುಖ ಕೆಂಪಾಯಿತು. "ಊಟಕ್ಕ ಕರದು ಮರ್ಯಾದಿ ತಗೀತೀಯೇನು?" ಎಂದು ಅರ್ಧ ಎದ್ದ. ಅವನ ಜೊತೆಯವರೂ ಪಂಚೆ ಕೊಡವಿದರು. ಅಣ್ಣ ಉಣ್ಣದೆ ಎಲೆ ಬಿಟ್ಟೆದ್ದರೆ ಅತ್ತೆಗೆ ನೀರೂ ಇಲ್ಲ, ತವರೂ ಇಲ್ಲ. ಅದು ಅವಳಿಗೂ ಗೊತ್ತಿತ್ತು. ಅವಳು ಹೋಗಿ ಅವನ ಮುಂದೆ, ಕಾಲುವೆಯೊಳಗೆ ಇಳಿದು ನಿಂತಳು. ಏರಿಯ ಮೇಲಿದ್ದ ಅವನ ಎಲೆ ಅವಳ ಎದೆಮಟ್ಟಕ್ಕೆ ಬರುತ್ತಿತ್ತು.

"ಏಳಬ್ಯಾಡ ಅಣ್ಣಾ. ನೀ ಒಂದ ಊಟಕ್ಕ ಎದ್ದಿ. ನಾವು ಇಲ್ಲಿ ವರ್ಷಾ ವರ್ಷಾ ಬರೇ ಎಲಿ ಹಾಸ್ಕೊಂಡು ಕುಂತೀವಿ. ನಾವು ಎಲ್ಲಿಗೆ ಎದ್ದು ಹೋಗೂಣು, ಹೇಳು."

ಅವಳ ದನಿ ಒಡೆಯಿತು. ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾವ ಅವಳನ್ನು ನೋಡಿದ. ಅವಳ ಕಾಲ ಕೆಳಗಿನ ಒಣ ಸಿಮೆಂಟನ್ನು ನೋಡಿದ. ಅದರಾಚೆ ಬಾಡಲು ಹತ್ತಿದ ಶೇಂಗಾ ಹೊಲವನ್ನೂ ನೋಡಿದ. ಆಮೇಲೆ ಕೂತ.

"ಹುಗ್ಗಿ ಇನ್ನಾ ಅದ ಏನು?"

"ಇನ್ನೊಂದು ಹಂಡೆ ಅದ. ನಿಮ್ಮ ಸಲುವಾಗಿನ ತಗದಿಟ್ಟೀನಿ."

"ಹಂಗಾರ ಬಡಸಾಕ ಹೇಳು ನಿನ್ನ ಸೊಸಿಗಿ. ಈ ಸಲ ಇಲ್ಲಿಂದ ಚಾಲೂ ಆಗ್ಲಿ." ಪಟಕದ ಚುಂಗಿನಿಂದ ಕಣ್ಣು ಒರೆಸಿಕೊಂಡು ಪಕ್ಕದವನಿಗೆ ಹೇಳಿದ: "ನಾಳಿಂದ ಪೈಪ್ ಬಂದ್ ಮಾಡ್ರಿ. ಪಾಳಿ ಹಚ್ಚೂಣು. ಒಂದು ವಾರ ಇವರಿಗೆ, ಒಂದು ವಾರ ನಮಗ. ಮೊದಲ ಪಾಳಿ ಇವರದು."

ಅತ್ತೆ ಮೂಗು ಸೇದಿ, ಸೆರಗು ಸರಿ ಮಾಡಿಕೊಂಡು, ಇಡೀ ಸಾಲಿಗೆ ಕೇಳುವಂತೆ ಕೂಗಿದಳು:

"ಬಾರವ್ವ ಸೊಸಿ. ಬಡಸು, ತಲೆಂಡದಿಂದ."

ನಾನು ಬಡಿಸಿದೆ. ಮಾವ ನಾಲ್ಕು ಸಲ ಹುಗ್ಗಿ ಹಾಕಿಸಿಕೊಂಡ. ಸಿಟ್ಟು ಇಳಿದ ಮೇಲಿನ ಹಸಿವೇ ಬೇರೆ.

ಆ ವಾರವೇ ಒಂದು ಬೆಳಿಗ್ಗೆ ನಾವು ಹೊಲದಲ್ಲಿ ಕಳೆ ಕೀಳುತ್ತಿದ್ದಾಗ ಖಾಜಾಬಿ ಏರಿಯ ಮೇಲೆ ಓಡಿ ಬಂದಳು. ಬಳೆಯ ಮಲಾರ ಅರ್ಧ ದಾರಿಯಲ್ಲೇ ಇಟ್ಟು ಬಂದಿದ್ದಳು. "ಪಾನೀ ಆರಾ ಕತೆ, ಹಣಮವ್ವ, ಪಾನೀ ಆರಾ" ಎನ್ನುತ್ತ ಏದುಸಿರು ಬಿಟ್ಟಳು. ನೀರು ಬರುತ್ತಿದೆಯಂತೆ ಎಂದು ಊರು ಊರೇ ಓಡಿತು. ಮೊದಲು ಬಂದದ್ದು ನೀರಲ್ಲ, ಕಸ. ಒಣ ಎಲೆ, ಭತ್ತದ ಹುಲ್ಲು, ಯಾರದೋ ಒಂದು ಹರಿದ ಚಪ್ಪಲಿ, ಆಡಿನ ಹಿಕ್ಕೆ. ಅದನ್ನೆಲ್ಲ ನೊರೆಯ ಮುಂದೆ ತಳ್ಳಿಕೊಂಡು ಕೆಂಪು ನೀರು ನಡೆದುಕೊಂಡು ಬಂತು. ಓಡಲೂ ಇಲ್ಲ, ನಿಲ್ಲಲೂ ಇಲ್ಲ. ವರ್ಷಗಟ್ಟಲೆ ಒಣಗಿದ ಸಿಮೆಂಟು ಅದನ್ನು ಕುಡಿಯುವಾಗ ಸುಸ್ ಎಂದಿತು.

ಅತ್ತೆ ಆರತಿ, ಅರಿಷಿಣ ಏನೂ ತಂದಿರಲಿಲ್ಲ. ಕೈಯಲ್ಲಿದ್ದ ಕಳೆ ತೆಗೆಯುವ ಕುರುಪಿ ಕೆಳಗಿಟ್ಟು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಹಿಡಿ ಪುಠಾಣಿಯನ್ನೇ, ಆ ಹುರಿಗಡಲೆಯನ್ನೇ, ನೀರಿಗೆ ಹಾಕಿ, "ಬಾ ನನ್ನವ್ವ. ಭಾಳ ತಡ ಮಾಡಿದಿ" ಎಂದಳು. ಆಮೇಲೆ ನನ್ನ ತೋಳು ಹಿಡಿದು ಬಾವಿಕಟ್ಟೆಯ ಹೆಂಗಸರ ಮುಂದೆ ಎಳೆದು ನಿಲ್ಲಿಸಿದಳು.

"ಯಾರಿವಳು? ಈಗ ಹೇಳ್ರಿ ಎಲ್ಲಾರೂ."

"ನೀರಿನ ಸೊಸಿ" ಎಂದರು ಅವರು. ಲಾರಿಯಿಂದ ಇಳಿದ ದಿನದ ರಾಗವೇ ಮತ್ತೆ ಬಂದಿತ್ತು. ನಾನು ಈ ಸಲ ತಲೆ ತಗ್ಗಿಸಲಿಲ್ಲ. ಆ ದಿನದ ಗೆಲುವು ಇಂದಿಗೂ ನನ್ನ ಮೈಯಲ್ಲಿದೆ. ಶೇಂಗಾ ಎಷ್ಟು ಬಂತೆಂದರೆ ಒಕ್ಕುವ ಹೊತ್ತಿಗೆ ಮಾವನ ಊರಿನಿಂದಲೂ ಆಳು ಕರೆಸಬೇಕಾಯಿತು. ಅವನು ಕೊಟ್ಟ ಅಕ್ಕಿಯ ಗಂಟಿಗೆ ಬದಲಾಗಿ ಅತ್ತೆ ಚೀಲಗಟ್ಟಲೆ ಕಾಯಿ ಕಳಿಸಿದಳು. ಹೊಲ ಪಾಲಿಗೆ ಹೋಗಲಿಲ್ಲ, ನಾವೂ ಕೂಲಿಗೆ ಹೋಗಲಿಲ್ಲ. ಪಾಳಿಯ ಮೇಲೆ ಆಮೇಲೂ ಜಗಳ ಆದವು, ಅದನ್ನು ಮುಚ್ಚಿಡಲಾರೆ. ಆದರೆ ಜಗಳವಾದಾಗಲೆಲ್ಲ ಯಾರಾದರೊಬ್ಬರು, "ಹಣಮವ್ವಗ ಊಟಕ್ಕ ಕರಿಯಾಕ ಹೇಳ್ರಿ" ಎನ್ನುತ್ತಿದ್ದರು. ಅಷ್ಟಕ್ಕೇ ಪೈಪುಗಳು ಮುಚ್ಚಿಕೊಳ್ಳುತ್ತಿದ್ದವು.

ಅಂದಿನಿಂದ ನಮ್ಮೂರ ಪಂಕ್ತಿಯಲ್ಲಿ ಒಂದು ರೂಢಿ ಬಿತ್ತು. ಎರಡನೇ ಸಲದ ಹುಗ್ಗಿ ಕೊನೆಯ ಎಲೆಯಿಂದ ಬರಬೇಕು. "ತಲೆಂಡದಿಂದ ಬರ್ರಿ" ಎಂದರೆ ಸಾಕು, ಬಡಿಸುವವನು ತಿರುಗುತ್ತಾನೆ. ನಮ್ಮೂರ ಹೆಣ್ಣುಮಕ್ಕಳು ಎಲ್ಲೆಲ್ಲಿಗೆ ಸೊಸೆಯರಾಗಿ ಹೋದರೋ ಅಲ್ಲಲ್ಲಿಗೆ ಮಾತೂ ಹೋಯಿತು. ಸುರಪುರದ ಸಂತೆಯಲ್ಲಿ ಒಮ್ಮೆ ಕೇಳಿದೆ, ಅಬ್ಬೆತುಮಕೂರಿನ ಮಠದ ದಾಸೋಹದಲ್ಲಿ ಕೇಳಿದೆ. ಇತ್ತ ಬಾಲದ ತುದಿಯ 'ಟೇಲೆಂಡ'ವೂ ಸಾಯದೆ ಬೇರೆ ಕೆಲಸ ಹಿಡಿಯಿತು. ಮೊಬೈಲು ಬಂದ ಹೊಸದರಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮಾತು ಕೇಳಿಸುತ್ತಿರಲಿಲ್ಲ. ರೇಂಜ್ ಇಲ್ಲ ಎಂದು ಗಂಡ ಹೇಳಿದರೆ ಅತ್ತೆ ಬೈದಳು. "ರೇಂಜ್ ಅಂತ ಯಾಕ ಇಂಗ್ಲಿಷ್ ಹೇಳ್ತಿ? ಟೇಲೆಂಡ ಅದ ಅನ್ನು, ತಿಳೀತದ." ಒಮ್ಮೆ ಮನೆಯೊಳಗೆ ಬಂದ ಇಂಗ್ಲಿಷು ಇನ್ನೊಂದು ಇಂಗ್ಲಿಷು ಬಂದಾಗ ಮನೆಯವನಂತೆ ಬಾಗಿಲಲ್ಲಿ ನಿಂತು ತಡೆಯುತ್ತದೆ ನೋಡಿ. ಅತ್ತೆ ಈಗಿಲ್ಲ. ಆ ಕೋಣೆಗೆ ಮೊಮ್ಮಕ್ಕಳು ಈಗಲೂ ಟೇಲೆಂಡ ಖೋಲಿ ಎನ್ನುತ್ತಾರೆ.

ಅಷ್ಟರಲ್ಲಿ ಮಂಟಪದ ಅಡುಗೆಮನೆಯಿಂದ ಹುಗ್ಗಿಯವನು ತುಂಬಿದ ಬಕೆಟ್ಟು ಹಿಡಿದು ಹೊರಬಂದ. ಸಾಲಿನ ಹಿಂಭಾಗದಿಂದ ಸುತ್ತಿಕೊಂಡು ನೇರ ನಮ್ಮ ತುದಿಗೇ ಬರುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಪಕ್ಕದ ತರುಣನನ್ನು ಕೇಳಿದೆ:

"ತಮ್ಮಾ, ತಲೆಂಡ ಅಂದ್ರ ಏನಪಾ?"

ಅವನು ಮೊದಲ ಸಲ ಮೊಬೈಲಿನಿಂದ ಕಣ್ಣೆತ್ತಿ, ಒಂದು ಕಿವಿಯ ಗುಂಡಿ ತೆಗೆದ. "ಅಷ್ಟೂ ಗೊತ್ತಿಲ್ಲೇನ್ರಿ ಅತ್ತಿ? ಬಡಸೋರು ಯಾವ ಕಡಿಂದ ಬರ್ತಾರ, ಅದ ತಲೆಂಡ."

"ಇಂಗ್ಲಿಷ್ ಮಾತೇನು ಅದು?"

"ಇಂಗ್ಲಿಷ್ ಎಲ್ಲೀದ್ರಿ? ತಲಿ ಅಂತ ಅದಲ್ಲ ಅದರಾಗ. ಅಚ್ಚ ಕನ್ನಡ. ಭಾಳ ಹಳೀ ಮಾತು ಇರ್ಬೇಕು."

ನನ್ನ ಕೈ ಕಡಿಯಿತು. ಬಾಯಿ ತೆರೆದೆ. ಅಷ್ಟು ಹೊತ್ತಿಗೆ ಸಾಲಿನ ಮೊಟ್ಟಮೊದಲ ಸೌಟು ಹುಗ್ಗಿ ನನ್ನ ಎಲೆಗೆ ಬಿತ್ತು.

ನಾನು ತಿದ್ದಲಿಲ್ಲ. ಇನ್ನೊಂದು ಸೌಟು ಹಾಕಿಸಿಕೊಂಡೆ.